ತೋಟದ ಕೆರೆ, ಹೋಂಸ್ಟೇ ಅತಿಥಿಗಳು, ಮಣ್ಣಿನ ಏರಿ

ಕೊಡಗಿನ ಸುಂಟಿಕೊಪ್ಪ ಕಡೆ ನಮ್ಮದೊಂದು ಕಾಫಿ ತೋಟ. ತೋಟದ ನಡುವೆ ಕಿರಿದಾದ ಕಣಿವೆಗೆ ಅಡ್ಡಲಾಗಿ ಅಪ್ಪ ಕಟ್ಟಿಸಿದ ಮಣ್ಣಿನ ಏರಿ ಇದೆ. ಎತ್ತರ ಸುಮಾರು 15 ಅಡಿ. ಫೆಬ್ರವರಿ, ಮಾರ್ಚಿನಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಹೊಡೆಯೋಕೆ ಅಂತ ಮಾಡಿದ ಕೆರೆ. ಹೋಂಸ್ಟೇ ಶುರು ಮಾಡಿದ ಮೇಲೆ ಕಯಾಕ್, ಗಾಳ, ಈಜು ಎಲ್ಲ ಅದರಲ್ಲೇ. ತಕರಾರೂ ಅಲ್ಲಿಂದಲೇ. ಅತಿಥಿಗಳಿಗೆ ಕೆರೆ ಯಾವಾಗಲೂ ತುಂಬಿರಬೇಕು. ಏರಿಗೆ ಮಾತ್ರ ಜೂನ್ ಹೊತ್ತಿಗೆ ಕೆರೆ ತಗ್ಗಿರಬೇಕು. ನಾನು ಏರಿಯ ಪರ.

ಇದನ್ನು ನೋಡಿಕೊಳ್ಳೋಕೆ ಬೇರೆ ಯಾರೂ ಬರೋದಿಲ್ಲ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರಿಗಿಂತ ಎತ್ತರದವಕ್ಕೆ ಅನ್ವಯಿಸುತ್ತದೆ. 10ರಿಂದ 15 ಮೀಟರಿನವು ಕೆಲವು ಷರತ್ತುಗಳಿದ್ದರೆ ಮಾತ್ರ ಅದರೊಳಗೆ ಬರುತ್ತವೆ. ನಮ್ಮಂಥ ಕೆರೆ ಲೆಕ್ಕಕ್ಕೇ ಇಲ್ಲ. ಆದರೆ ಏರಿಯ ಕೆಳಗೆ ನಮ್ಮ ತೋಟದ ಕೆಲಸಗಾರರ ಲೈನ್ ಮನೆಗಳಿವೆ, ಪಕ್ಕದವರ ಗದ್ದೆ ಇದೆ. ಏರಿ ಒಡೆದರೆ ನೀರು ಕಾಯ್ದೆ ನೋಡಿ ಹರಿಯೋದಿಲ್ಲ ಅಲ್ವಾ.

ಮಣ್ಣಿನ ಏರಿಗೆ ದೊಡ್ಡ ಅಪಾಯ ನೀರು ಮೇಲಿಂದ ಉಕ್ಕಿ ಹರಿಯೋದು. ಕಾಂಕ್ರೀಟ್ ಗೋಡೆಯಾದರೆ ಸ್ವಲ್ಪ ಹೊತ್ತು ತಡೆದೀತು, ಮಣ್ಣು ಕೊರೆದುಕೊಂಡೇ ಹೋಗುತ್ತದೆ. ಅದಕ್ಕೆ ಹೆಚ್ಚಾದ ನೀರು ಹೊರಗೆ ಹರಿಯುವ ಕೋಡಿಯೇ ಮುಖ್ಯ. ನಮ್ಮ ಕೋಡಿ ಏರಿಯ ಪಕ್ಕದ ಗಟ್ಟಿ ನೆಲದಲ್ಲಿದೆ, ತುಂಬಿದ ಮಣ್ಣಿನ ಮೇಲಲ್ಲ. ಕೋಡಿಯ ಮಟ್ಟಕ್ಕೂ ಏರಿಯ ತಲೆಗೂ ಮೂರು ಅಡಿ ಅಂತರ ಉಳಿಸಿದ್ದೇವೆ. ಅತಿಥಿಯೊಬ್ಬರು ಕೋಡಿಗೆ ಎರಡು ಹಲಗೆ ಇಟ್ಟರೆ ಇನ್ನೂ ಒಂದಡಿ ನೀರು ನಿಲ್ಲುತ್ತೆ, ಫೋಟೋಗೆ ಚೆನ್ನಾಗಿರುತ್ತೆ ಅಂದರು. ಆ ಒಂದಡಿ ಮಳೆಗೆ ಮೀಸಲು ಅಂದೆ.

ಕೋಡಿಯಲ್ಲಿ ಇನ್ನೊಂದು ಉಪದ್ರವ ಮೀನಿನ ಬಲೆ. ಕಾಟ್ಲಾ, ರೋಹು ಬಿಟ್ಟವರೆಲ್ಲ ಮೀನು ಓಡದ ಹಾಗೆ ಕೋಡಿಗೆ ಬಲೆ ಕಟ್ಟುತ್ತಾರೆ. ಜೋರು ಮಳೆಗೆ ಸಿಲ್ವರ್ ಓಕ್ ಎಲೆ, ಕಾಫಿ ರೆಂಬೆ, ಪ್ಲಾಸ್ಟಿಕ್ ಎಲ್ಲ ಬಂದು ಅದಕ್ಕೆ ಅಂಟಿಕೊಳ್ಳುತ್ತದೆ. ರಾತ್ರಿ ಬೆಳಗಾಗೋದರೊಳಗೆ ಬಲೆ ಗೋಡೆಯಾಗಿಬಿಡುತ್ತದೆ. ಮೇ ಕೊನೆಗೆ ನಾವು ಬಲೆ ಬಿಚ್ಚಿಬಿಡುತ್ತೇವೆ. ಹೋಗುವ ಮೀನು ಹೋಗಲಿ.

ನೀರು ತಗ್ಗಿಸೋಕೆ ಏರಿಯೊಳಗೆ ಹೊಸ ಪೈಪ್ ಹೂಳಬೇಕು ಅಂತ ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಪೈಪಿನ ಹೊರಮೈ ಹಿಡಿದು ನೀರು ದಾರಿ ಮಾಡಿಕೊಳ್ಳೋದು ಮಣ್ಣಿನ ಏರಿಯ ಹಳೇ ಕಾಯಿಲೆ. ಬದಲಿಗೆ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪನ್ನು ಏರಿಯ ಮೇಲಿಂದ ಹಾಯಿಸಿ ಸೈಫನ್ ಹಾಕಿದೆವು, ಅಂದರೆ ನೀರು ಏರಿ ಹತ್ತಿ ತಾನಾಗೇ ಆಚೆ ಇಳಿಯುವ ಪೈಪ್. ಎರಡೂ ತುದಿಯ ವಾಲ್ವ್ ಮುಚ್ಚಿ, ನೆತ್ತಿಯಲ್ಲಿ ನೀರು ತುಂಬಿಸಿ ಬಿರಡೆ ಬಿಗಿ ಮಾಡಿ, ಆಮೇಲೆ ಎರಡನ್ನೂ ತೆರೆದರೆ ಸಾಕು. ಕರೆಂಟ್ ಬೇಡ. ಹೊರಗಿನ ತುದಿ ಕೆರೆಯ ನೀರಿಗಿಂತ ಕೆಳಗಿರಬೇಕು, ಜಾಯಿಂಟಿನಲ್ಲಿ ಗಾಳಿ ಸೇರಬಾರದು. ನೀರನ್ನು ಮಾತ್ರ ನಿಧಾನವಾಗಿ ಇಳಿಸಬೇಕು. ಸರ್ರನೆ ಇಳಿಸಿದರೆ ಒಳಗಿನ ಇಳಿಜಾರಿನ ಮಣ್ಣು ನೆನೆದು ಭಾರವಾಗಿಯೇ ಇರುತ್ತದೆ, ಎದುರಿಗೆ ಒತ್ತುವ ನೀರು ಇರೋದಿಲ್ಲ, ಜಾರಿಬಿಡುತ್ತದೆ. ಸ್ಪ್ರಿಂಕ್ಲರಿಗೆ ಪಂಪ್ ಹಾಕುವಾಗಲೂ ಇದೇ ಎಚ್ಚರ.

ಏರಿಯ ಹೊರಬುಡದಲ್ಲಿ ನೀರು ಜಿನುಗುತ್ತದೆ. ನೋಡಿದವರೆಲ್ಲ ಸಿಮೆಂಟ್ ಮೆತ್ತಿ ಅನ್ನುತ್ತಾರೆ. ಬೇಡ. ಮಣ್ಣಿನ ಏರಿ ಸ್ವಲ್ಪ ಜಿನುಗಿಯೇ ಜಿನುಗುತ್ತದೆ. ಹೊರಗೆ ಬಾಯಿ ಮುಚ್ಚಿದರೆ ಒಳಗೆ ಒತ್ತಡ ಏರುತ್ತದೆ, ಇನ್ನೆಲ್ಲೋ ಕಿತ್ತುಕೊಂಡು ಬರುತ್ತದೆ. ನಾವು ಜಿನುಗಿನ ಮೇಲೆ ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಆಮೇಲೆ ದಪ್ಪ ಕಲ್ಲು ಹಾಕಿದೆವು. ನೀರು ಹೊರಗೆ ಬರುತ್ತದೆ, ಮಣ್ಣು ಬರೋದಿಲ್ಲ. ಬುಡದಲ್ಲೊಂದು ಚಿಕ್ಕ ಪೈಪ್ ಇಟ್ಟು, ಬಕೆಟ್ ತುಂಬೋಕೆ ಎಷ್ಟು ಸೆಕೆಂಡ್ ಅಂತ ಮೊಬೈಲ್ ಹಿಡಿದು ನೋಡುತ್ತೇವೆ. ತೋಟದವರು ಹೇಗೂ ಮಳೆಯನ್ನು ಇಂಚು, ಸೆಂಟಿನ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ದಿನಾ ಬರೆದಿಡುತ್ತೇವೆ. ಅದೇ ಪುಸ್ತಕದಲ್ಲಿ ಪಕ್ಕಕ್ಕೆ ಕೆರೆ ಮಟ್ಟ ಮತ್ತು ಈ ಸೆಕೆಂಡ್. ಜಿನುಗು ನೀರನ್ನು ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ಇಡುತ್ತೇವೆ. ಬೆಳಿಗ್ಗೆ ತಳದಲ್ಲಿ ಕೆಂಪು ಮಣ್ಣು ಕೂತಿದ್ದರೆ ಒಳಗೆ ಏರಿ ಕರಗುತ್ತಿದೆ ಅಂತ ಅರ್ಥ. ಮಳೆ ಇಲ್ಲದೆ ಜಿನುಗು ಜಾಸ್ತಿಯಾದರೂ ಹಾಗೇ. ಆಗ ಕಾಯೋ ಹಾಗಿಲ್ಲ, ಸೈಫನ್ ತೆರೆದು ಕೆಳಗಿನವರಿಗೆ ಫೋನ್ ಮಾಡಬೇಕು.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದಾಗ ನಮ್ಮ ಕೋಡಿ ಹಗಲೂ ರಾತ್ರಿ ಹರಿಯುತ್ತಿತ್ತು. ಬಾಟಲಿ ಹಿಡಿದು ಬುಡಕ್ಕೆ ಹೋದ ನಮ್ಮ ಹುಡುಗ ಪ್ರತಿಸಲ "ತಿಳಿಯಾಗೇ ಇದೆ ಸಾರ್" ಅಂತ ಕೂಗಿ ಹೇಳಿದ ಮೇಲೇ ನಾನು ಊಟಕ್ಕೆ ಕೂರುತ್ತಿದ್ದೆ. ಆದರೂ ಲೈನ್ ಮನೆಯವರನ್ನು ಮೇಲಿನ ಗೋದಾಮಿಗೆ ಕಳಿಸಿದ್ದೆ.

ಏರಿಯ ಮೇಲೆ ಮರ ಬೇಡ. ನೆರಳಿಗೆ ಚೆಂದ, ಆದರೆ ಬೇರು ಸತ್ತು ಕೊಳೆತರೆ ಅದೇ ಜಾಗ ನೀರಿಗೆ ಕೊಳವೆ. ದೊಡ್ಡ ಬುಡಗಳನ್ನು ಬೇಸಿಗೆಯಲ್ಲಿ ನೀರು ತಗ್ಗಿದಾಗ ಹಿಟಾಚಿ ತಂದು ಕಿತ್ತು, ಜೇಡಿ ಮಣ್ಣನ್ನು ಅರ್ಧರ್ಧ ಅಡಿ ಪದರವಾಗಿ ಹದವಾಗಿ ನೆನೆಸಿ ದಮ್ಮಸ್ಸು ಮಾಡಿದೆವು. ಈಗ ಬರೀ ಹುಲ್ಲು. ಹುಲ್ಲು ಗಿಡ್ಡಗಿದ್ದರೆ ಹೆಗ್ಗಣದ ಬಿಲ, ಏಡಿ ಬಿಲ, ಗೆದ್ದಲಿನ ಹುತ್ತ ಕಣ್ಣಿಗೆ ಬೀಳುತ್ತವೆ. ಜೀಪ್ ಏರಿಯ ಮೇಲೆ ಬಿಡೋದಿಲ್ಲ. ಚಕ್ರದ ಹಳ್ಳದಲ್ಲಿ ನೀರು ನಿಂತರೆ ಅಲ್ಲಿಂದಲೇ ಬಿರುಕು ಶುರು.

ಈಜಿಗೆ ಲೈಫ್ ಜಾಕೆಟ್ ಕಡ್ಡಾಯ. ಕೋಡಿ ಮತ್ತು ಸೈಫನ್ ಬಾಯಿಯ ಹತ್ತಿರ ಹಗ್ಗ ಎಳೆದಿದ್ದೇವೆ. ಜೂನಿನಿಂದ ಸೆಪ್ಟೆಂಬರ್ ತನಕ ಕೆರೆ ಬಂದ್. ಮಳೆ ನೋಡೋಕೆ ಅಂತಲೇ ಬೆಂಗಳೂರಿಂದ ಬಂದವರು ಮುಖ ಸಿಂಡರಿಸುತ್ತಾರೆ. ಬುಕಿಂಗ್ ಮಾಡುವಾಗಲೇ ಹೇಳಿಬಿಡುತ್ತೇವೆ, ಕೆಲವರು ಬೇರೆ ಹೋಂಸ್ಟೇ ನೋಡಿಕೊಳ್ಳುತ್ತಾರೆ. ಈ ಬೇಸಿಗೆಯಲ್ಲಿ ಕೋಡಿಯ ಕೆಳಗೆ ಕಿತ್ತುಹೋದ ಕಲ್ಲುಕಟ್ಟಣೆ ಸರಿ ಮಾಡಿಸಬೇಕು, ಹಿಟಾಚಿಗೆ ಏಪ್ರಿಲ್‌ಗೆ ಹೇಳಿಟ್ಟಿದ್ದೇನೆ.