ಥೀಸಿಸ್‌ಗೆ ರೆಫರೆನ್ಸ್ ಬರೆಯುವುದು ಹೇಗೆ?

ಎಂ.ಡಿ. ಥೀಸಿಸ್ ಬರೆಯುವವರ ನಿದ್ದೆ ಕೆಡಿಸುವುದು ಕೊನೆಯಲ್ಲಿ ಬರುವ ರೆಫರೆನ್ಸ್ ಪಟ್ಟಿ. ವೈದ್ಯಕೀಯ ಜರ್ನಲ್‌ಗಳು ಜಾಸ್ತಿ ಕೇಳುವುದು ವ್ಯಾಂಕೂವರ್ ಶೈಲಿಯನ್ನು. 1978ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಕೆಲವು ವೈದ್ಯಕೀಯ ಜರ್ನಲ್‌ಗಳ ಸಂಪಾದಕರು ಸಭೆ ಸೇರಿದ್ದರು. ಈ ಹೆಸರು ಬಂದಿದ್ದು ಅಲ್ಲಿಂದಲೇ.

ಮೊದಲು ನಂಬರು ಹಾಕಿ. ಬರಹದಲ್ಲಿ ಮೊದಲು ಬಂದ ಲೇಖನಕ್ಕೆ 1, ಮುಂದಿನದಕ್ಕೆ 2. ಅದೇ ಲೇಖನ ಹತ್ತು ಪುಟ ಆದಮೇಲೆ ಮತ್ತೆ ಬಂದರೂ ಹಳೇ ನಂಬರೇ. ಪಟ್ಟಿಯೂ ಇದೇ ಕ್ರಮದಲ್ಲಿರಬೇಕು, ಅಕ್ಷರಮಾಲೆಯ ಕ್ರಮದಲ್ಲಲ್ಲ.

ಇನ್ನು ಲೇಖನ. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದ ಪ್ರಸಿದ್ಧ ವರದಿಯನ್ನೇ ನೋಡಿ:

ಡಾಲ್ ಆರ್, ಹಿಲ್ ಎಬಿ. ಸ್ಮೋಕಿಂಗ್ ಅಂಡ್ ಕಾರ್ಸಿನೋಮಾ ಆಫ್ ದ ಲಂಗ್; ಪ್ರಿಲಿಮಿನರಿ ರಿಪೋರ್ಟ್. ಬ್ರ್ ಮೆಡ್ ಜೆ. 1950;2(4682):739-48.

ಇನಿಷಿಯಲ್ ಹೆಸರಿನ ನಂತರ ಬಂದಿದೆ, ನಡುವೆ ಚುಕ್ಕಿ ಇಲ್ಲ. ವರ್ಷದ ಪಕ್ಕ ಅರ್ಧವಿರಾಮ, ಆಮೇಲೆ ಸಂಪುಟ, ಆವರಣದಲ್ಲಿ ಸಂಚಿಕೆ, ಕೋಲನ್, ಪುಟ. ಎಲ್ಲೂ ಜಾಗ ಬಿಟ್ಟಿಲ್ಲ. ಕೊನೆಯ ಪುಟ 748, ಬರೆದಿರುವುದು 48 ಮಾತ್ರ. ಆರಕ್ಕಿಂತ ಹೆಚ್ಚು ಲೇಖಕರಿದ್ದರೆ ಮೊದಲ ಆರು ಹೆಸರು ಬರೆದು ‘ಎಟ್ ಆಲ್’ (ಅಂದರೆ ‘ಮತ್ತು ಇತರರು’) ಹಾಕುವುದು ರೂಢಿ. ಜರ್ನಲ್ ಹೆಸರನ್ನು ನಾವೇ ಕತ್ತರಿಸುವ ಹಾಗಿಲ್ಲ. ಎನ್‌ಎಲ್‌ಎಂ (ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ) ಕ್ಯಾಟಲಾಗ್‌ನಲ್ಲಿ ಸರಿಯಾದ ಚಿಕ್ಕ ರೂಪ ಸಿಗುತ್ತದೆ.

ನಮ್ಮ ಕಡೆಯ ಹೆಸರುಗಳಲ್ಲಿ ಎಡವುವುದು ಸುಲಭ. ಇನಿಷಿಯಲ್ ಊರಿನದೋ ಅಪ್ಪನದೋ ಆಗಿರುತ್ತದೆ, ಮನೆತನದ ಹೆಸರು ಇರುವುದೇ ಇಲ್ಲ. ಯಾವುದು ಮುಂದೆ, ಯಾವುದು ಹಿಂದೆ ಎಂದು ಊಹಿಸಬೇಡಿ. ವೈದ್ಯಕೀಯ ಲೇಖನಗಳನ್ನು ಹುಡುಕುವ ಪಬ್‌ಮೆಡ್ ತಾಣದಲ್ಲಿ ಇರುವಂತೆಯೇ ಬರೆಯಿರಿ.

ಪುಸ್ತಕದ ಲೆಕ್ಕ ಸುಲಭ:

ಪಾರ್ಕ್ ಕೆ. ಪಾರ್ಕ್ಸ್ ಟೆಕ್ಸ್ಟ್‌ಬುಕ್ ಆಫ್ ಪ್ರಿವೆಂಟಿವ್ ಅಂಡ್ ಸೋಷಿಯಲ್ ಮೆಡಿಸಿನ್. 25ನೇ ಆವೃತ್ತಿ. ಜಬಲ್ಪುರ: ಬನಾರಸಿದಾಸ್ ಭಾನೋಟ್; 2019.

ಆವೃತ್ತಿ ಮಾತ್ರ ನಿಮ್ಮ ಕೈಯಲ್ಲಿರುವ ಪ್ರತಿಯದ್ದೇ ಆಗಿರಲಿ. ಸೀನಿಯರ್ ಥೀಸಿಸ್‌ನಿಂದ ಸುಮ್ನೆ ಎತ್ತಿಕೊಂಡರೆ ಹಳೇ ಆವೃತ್ತಿಯ ಪುಟಸಂಖ್ಯೆ ಹೊಸದಕ್ಕೆ ಅಂಟಿಕೊಳ್ಳುತ್ತದೆ.

ನಂಬರನ್ನು ಕೈಯಲ್ಲಿ ಹಾಕುವುದೂ ಬೇಡ. ನಡುವೆ ಒಂದು ಲೇಖನ ಸೇರಿಸಿದರೆ ಮುಂದಿನದೆಲ್ಲ ಒಂದೊಂದು ಸ್ಥಾನ ಜಾರುತ್ತದೆ. ಆಗ ಒಂದು ಔಷಧದ ಡೋಸ್‌ಗೆ ಬೇರೆ ಔಷಧದ ಲೇಖನ ಸಾಕ್ಷಿಯಾಗಿ ನಿಲ್ಲುತ್ತದೆ. ಓದಿದ ವೈದ್ಯರು ಅದನ್ನು ನಂಬಿ ಹುಡುಕುತ್ತಾರೆ, ಅಲ್ವಾ? ಝೊಟೆರೊ ಎಂಬ ರೆಫರೆನ್ಸ್ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ನಂಬರನ್ನು ತಾನೇ ಸರಿಪಡಿಸುತ್ತದೆ. ಮೊದಲ ಪುಟ ಬರೆಯುವ ದಿನವೇ ಹಾಕಿಕೊಳ್ಳಿ.

ಸಲ್ಲಿಸುವ ಮುಂಚೆ ಪಟ್ಟಿಯಿಂದ ಯಾವುದಾದರೂ ಐದು ನಂಬರು ಆರಿಸಿ, ಮೂಲ ಲೇಖನ ತೆರೆದು, ನೀವು ಬರೆದ ವಿಷಯ ಅಲ್ಲಿದೆಯಾ ನೋಡಿ. ಒಂದು ತಪ್ಪಿದ್ದರೂ ಇಡೀ ಪಟ್ಟಿ ಇನ್ನೊಮ್ಮೆ ನೋಡಬೇಕು.