ಗೇಟ್‌ವಾಲ್ವ್ ತಿರುಗಿಸಿ ಕಾಯುತ್ತ ಕೂರಬೇಡಿ: ಅಡಿಕೆ ಧಾರಣೆಗೊಂದು ಎಪಿಐ

ಪೆರ್ಲದ ನಮ್ಮ ಮನೆಯ ಅಡಿಕೆ ಹೋಗುವುದು ಮೂರು ಊರಿಗೆ: ಬದಿಯಡ್ಕ, ವಿಟ್ಲ, ಪುತ್ತೂರು. ಗೋಣಿಗಳನ್ನು ಜೀಪಿಗೆ ಹೇರುವ ಮೊದಲು ಅಪ್ಪ ಮೂರೂ ಅಂಗಡಿಗೆ ಫೋನ್ ಮಾಡಿ ಧಾರಣೆ ಕೇಳುತ್ತಿದ್ದರು. ಮೂರು ಅಂಗಡಿಯವರೂ ದಿನದ ಧಾರಣೆಯನ್ನು ತಮ್ಮ ಜಾಲತಾಣದಲ್ಲಿ ಹಾಕತೊಡಗಿದ ಮೇಲೆ, ಅಷ್ಟನ್ನೂ ಒಂದೇ ವಿಳಾಸದಲ್ಲಿ ಸಿಗುವಂತೆ ಒಂದು ಎಪಿಐ (ಬೇರೆ ಪ್ರೋಗ್ರಾಂಗಳು ಕೇಳಿದ್ದಕ್ಕೆ ಉತ್ತರ ಕೊಡುವ ವ್ಯವಸ್ಥೆ) ಮಾಡೋಣವೆಂದು ನಾನು ಫಾಸ್ಟ್‌ಎಪಿಐ ಹಿಡಿದೆ. ಸೆಬಾಸ್ಟಿಯನ್ ರಾಮಿರೆಸ್ ಎಂಬವರು 2018ರಲ್ಲಿ ಹೊರತಂದ ಪೈಥಾನ್ ಚೌಕಟ್ಟು ಇದು.

ಸಿದ್ಧತೆ ದೊಡ್ಡದೇನಲ್ಲ. ಒಂದು ವೆನ್ವ್ (ಈ ಕೆಲಸಕ್ಕೆಂದೇ ಪ್ರತ್ಯೇಕ ಪೈಥಾನ್ ಆವರಣ) ಮಾಡಿಕೊಂಡು ಪಿಪ್ ಮೂಲಕ ಫಾಸ್ಟ್‌ಎಪಿಐ, ಅದನ್ನು ಓಡಿಸುವ ಸರ್ವರ್ ಯುವಿಕಾರ್ನ್, ಬೇರೆ ತಾಣಗಳನ್ನು ಕರೆಯುವ ಲೈಬ್ರರಿ ಎಚ್‌ಟಿಟಿಪಿಎಕ್ಸ್ ಹಾಕಿಕೊಳ್ಳಿ. ಕಡತದಲ್ಲಿ ಫಾಸ್ಟ್‌ಎಪಿಐಯ ಒಂದು ಆ್ಯಪ್ ಮಾಡಿ, ಫಂಕ್ಷನ್ನಿನ ತಲೆಯ ಮೇಲೆ 'ಆ್ಯಪ್ ಡಾಟ್ ಗೆಟ್' ಎಂದು ವಿಳಾಸ ಬರೆದರೆ ಒಂದು ಬಾಗಿಲು ತೆರೆದಂತೆ. ಯುವಿಕಾರ್ನ್‌ಗೆ ರೀಲೋಡ್ (ಕಡತ ಬದಲಾದಾಗ ತಾನೇ ಮರಳಿ ಏಳು) ಎಂಬ ಸೂಚನೆ ಕೊಟ್ಟು ಓಡಿಸಿ. ಬೇರೆ ಹೇಳದಿದ್ದರೆ ಅದು 8000ನೇ ಪೋರ್ಟ್‌ನಲ್ಲಿ ಕೂರುತ್ತದೆ. ವಿಳಾಸದ ಕೊನೆಗೆ ಡಾಕ್ಸ್ ಎಂದು ಸೇರಿಸಿದರೆ, ನೀವು ಬರೆಯದೆಯೇ ತಯಾರಾದ ಕೈಪಿಡಿ ಕಾಣಿಸುತ್ತದೆ. (ಇಲ್ಲಿ ಕನ್ನಡದಲ್ಲಿ ಬರೆದ ಈ ಪದಗಳನ್ನೆಲ್ಲ ಕೋಡಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.)

ಅಡಿಕೆಯ ನಮೂನೆಗಳನ್ನು ಒಂದು ಎನಮ್‌ನಲ್ಲಿ (ನಡೆಯುವ ಹೆಸರುಗಳಷ್ಟೇ ಇರುವ ಗುಂಪು) ಪಟ್ಟಿ ಮಾಡಿ: ಹೊಸತು, ಹಳತು, ಪಟೋರ, ಕೋಕ. ಈ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಇಟ್ಟರೂ ಅಡ್ಡಿಯಿಲ್ಲ, ಉತ್ತರದ ಜೇಸನ್‌ನಲ್ಲಿ (ಎಪಿಐ ಉತ್ತರ ಕಳಿಸುವ ಪಠ್ಯರೂಪ) ಅವು ಕನ್ನಡವಾಗಿಯೇ ಹೊರಬರುತ್ತವೆ. ಯಾರಾದರೂ ಕೋಕದ ಬದಲು ಕೊಕ್ಕೋ ಎಂದು ಕೇಳಿದರೆ 422 ಎಂಬ ದೋಷದ ಉತ್ತರ ತಾನಾಗಿ ಹೋಗುತ್ತದೆ, ಯಾವ ಹೆಸರುಗಳು ನಡೆಯುತ್ತವೆ ಎಂಬ ವಿವರದ ಸಮೇತ. ಆ ತಪಾಸಣೆಗೆಂದು ನಾನು ಒಂದು ಸಾಲನ್ನೂ ಬರೆದಿಲ್ಲ.

ಇನ್ನು ನಾನು ಎಡವಿದ ಜಾಗ. ಅಸಿಂಕ್ (ಒಂದು ಕೆಲಸ ಕಾಯುತ್ತಿರುವಾಗ ಇನ್ನೊಂದನ್ನು ಮಾಡುವ ಬಗೆ) ಎಂದರೆ ವೇಗ ಎಂದುಕೊಂಡು ಎಲ್ಲ ಫಂಕ್ಷನ್‌ಗಳಿಗೂ 'ಅಸಿಂಕ್ ಡೆಫ್' ಅಂಟಿಸಿದೆ. ಒಳಗೆ ಮಾತ್ರ ಹಳೆಯ ಅಭ್ಯಾಸದಂತೆ ರಿಕ್ವೆಸ್ಟ್ಸ್ ಲೈಬ್ರರಿಯಿಂದ ಮೂರು ತಾಣಗಳನ್ನು ಒಂದಾದ ಮೇಲೊಂದು ಕರೆದೆ. ಆಟಿಯ ಒಂದು ಮಧ್ಯಾಹ್ನ, ಜಡಿಮಳೆಯ ನಡುವೆ, ಒಂದು ಅಂಗಡಿಯ ತಾಣ ಉತ್ತರ ಕೊಡದೆ ನಿಂತುಬಿಟ್ಟಿತು. ಅಷ್ಟರಲ್ಲಿ ಚಿಕ್ಕಪ್ಪನ ಫೋನ್ ಬಂತು: "ನಿನ್ನ ಯಂತ್ರಕ್ಕೆ ಇವತ್ತು ಮೌನವ್ರತವೋ?" ನೋಡಿದರೆ, 'ಸರಿ' ಎಂದಷ್ಟೇ ಹೇಳಬೇಕಾದ, ಯಾವ ತಾಣವನ್ನೂ ಮುಟ್ಟದ ವಿಳಾಸ ಕೂಡ ಬಾಯಿ ಬಿಡುತ್ತಿರಲಿಲ್ಲ.

ತೋಟಕ್ಕೆ ನೀರು ಬಿಡುವ ಅಪ್ಪನನ್ನು ನೆನೆದಾಗ ನನಗೆ ಇದು ಹೊಳೆಯಿತು. ಮೇಲಿನ ತಟ್ಟಿನ ಗೇಟ್‌ವಾಲ್ವ್ ತಿರುಗಿಸಿದ ಅವರು ಸ್ಪ್ರಿಂಕ್ಲರ್ ನೋಡುತ್ತ ನಿಲ್ಲುವುದಿಲ್ಲ. ಅಂಗಳಕ್ಕೆ ಬಂದು ಅಡಿಕೆ ಸುಲಿಯುತ್ತಾರೆ, ಹೊತ್ತಾದಾಗ ಹೋಗಿ ಕೆಳಗಿನ ಲೈನಿಗೆ ಬದಲಿಸುತ್ತಾರೆ. ಅಸಿಂಕ್ ಕೆಲಸಗಳನ್ನೆಲ್ಲ ನಡೆಸುವ ಈವೆಂಟ್ ಲೂಪ್ ಅಂಥ ಒಬ್ಬನೇ ಆಳು. 'ಅವೈಟ್' ಎಂದರೆ "ಇಲ್ಲಿ ನೀರು ಹೋಗುತ್ತಿರಲಿ, ನೀನು ಬೇರೆ ಕೆಲಸ ನೋಡು" ಎಂದು ಅವನಿಗೆ ಕೊಡುವ ಅಪ್ಪಣೆ. ರಿಕ್ವೆಸ್ಟ್ಸ್‌ಗೆ ಆ ಅಪ್ಪಣೆ ಗೊತ್ತಿಲ್ಲ. ಅದು ಆಳನ್ನು ವಾಲ್ವ್ ಬಳಿಯೇ ಕಟ್ಟಿಹಾಕುತ್ತದೆ. ಸಮಯದ ಮಿತಿ ಹೇಳದಿದ್ದರೆ ಎಷ್ಟು ಹೊತ್ತಾದರೂ ಕಾಯುತ್ತದೆ.

ತಮಾಷೆಯೆಂದರೆ, ಅಸಿಂಕ್ ಬರೆಯದೆ ಬರೀ ಡೆಫ್ ಇಟ್ಟಿದ್ದರೂ ನಾನು ಆ ದಿನ ಪಾರಾಗುತ್ತಿದ್ದೆ. ಬರೀ ಡೆಫ್ ಇರುವ ಫಂಕ್ಷನ್ನನ್ನು ಫಾಸ್ಟ್‌ಎಪಿಐ ಬೇರೆ ಥ್ರೆಡ್‌ಗೆ (ಪಕ್ಕದಲ್ಲೇ ದುಡಿಯುವ ಇನ್ನೊಬ್ಬ ಆಳಿಗೆ) ಒಪ್ಪಿಸುತ್ತದೆ. ಅಂಥ ಥ್ರೆಡ್‌ಗಳು ಸಾಮಾನ್ಯವಾಗಿ 40 ಇರುತ್ತವೆ. ಆದ್ದರಿಂದ ಒಳಗಿರುವ ಲೈಬ್ರರಿ ಅವೈಟ್‌ಗೆ ಒಗ್ಗದಿದ್ದರೆ ಡೆಫ್ ಸಾಕು. ಅರೆಬರೆ ಅಸಿಂಕ್ ಎರಡಕ್ಕಿಂತಲೂ ಕೆಟ್ಟದ್ದು.

ನಾನು ಸರಿಪಡಿಸಿದ್ದು ಹೀಗೆ. ಎಚ್‌ಟಿಟಿಪಿಎಕ್ಸ್‌ನ ಅಸಿಂಕ್‌ಕ್ಲೈಂಟ್ ಒಂದನ್ನು ಆ್ಯಪ್ ಏಳುವಾಗಲೇ ಲೈಫ್‌ಸ್ಪ್ಯಾನ್‌ನಲ್ಲಿ (ಆ್ಯಪ್ ಏಳುವಾಗ, ನಿಲ್ಲುವಾಗ ಓಡುವ ಭಾಗ) ತೆರೆದೆ. ಪ್ರತಿ ಕೋರಿಕೆಗೂ ಹೊಸತು ತೆರೆಯುವುದು ದಂಡ. ಅದರ ಸಮಯಮಿತಿ ಮೊದಲೇ 5 ಸೆಕೆಂಡ್ ಇರುತ್ತದೆ, ನಾನು 3ಕ್ಕೆ ಇಳಿಸಿದೆ. ಮೂರು ಕರೆಗಳನ್ನೂ ಪೈಥಾನಿನಲ್ಲೇ ಇರುವ ಅಸಿಂಕ್‌ಐಒದ ಗ್ಯಾದರ್‌ಗೆ ಕೊಟ್ಟು ಒಟ್ಟಿಗೆ ಅವೈಟ್ ಮಾಡಿದೆ. ಅಲ್ಲಿ 'ರಿಟರ್ನ್ ಎಕ್ಸೆಪ್ಶನ್ಸ್' ಎಂಬುದನ್ನು ಟ್ರೂ ಮಾಡುವುದನ್ನು ಮರೆಯಬೇಡಿ. ಮರೆತರೆ ವಿಟ್ಲದ ಒಂದು ದೋಷಕ್ಕೆ ಬದಿಯಡ್ಕ, ಪುತ್ತೂರುಗಳ ಧಾರಣೆಯೂ ಕೈತಪ್ಪುತ್ತದೆ. ಮಾಡಿದರೆ ದೋಷವೂ ಪಟ್ಟಿಯಲ್ಲೇ ಬಂದು ಕೂರುತ್ತದೆ. ಅದರ ಜಾಗದಲ್ಲಿ 'ಸಿಗಲಿಲ್ಲ' ಎಂದು ಬರೆದರಾಯಿತು. ಧಾರಣೆಯೇನೂ ನಿಮಿಷಕ್ಕೊಮ್ಮೆ ಬದಲಾಗುವುದಿಲ್ಲ. ಹಾಗಾಗಿ ಸಿಕ್ಕಿದ್ದನ್ನು ಒಂದು ಡಿಕ್ಷನರಿಯಲ್ಲಿ 10 ನಿಮಿಷ ಇಟ್ಟುಕೊಳ್ಳುತ್ತೇನೆ. ಯುವಿಕಾರ್ನ್‌ಗೆ ಹಲವು ವರ್ಕರ್‌ಗಳನ್ನು (ಅದೇ ಆ್ಯಪಿನ ಬೇರೆ ಬೇರೆ ಓಟಗಳನ್ನು) ಕೊಟ್ಟರೆ ಪ್ರತಿಯೊಂದಕ್ಕೂ ಅದರದ್ದೇ ಡಿಕ್ಷನರಿ ಎಂಬುದು ನೆನಪಿರಲಿ.

ನಂಬಿಕೆ ಬಾರದಿದ್ದರೆ ಪರೀಕ್ಷಿಸಿ ನೋಡಿ. 'ನಿಧಾನ' ಎಂಬ ವಿಳಾಸದ ಅಸಿಂಕ್ ಫಂಕ್ಷನ್ನಿನಲ್ಲಿ ಟೈಮ್‌ನ ಸ್ಲೀಪ್‌ಗೆ (ಸುಮ್ಮನೆ ಕಾಯಿಸುವ ಫಂಕ್ಷನ್) 10 ಸೆಕೆಂಡ್ ಕೊಟ್ಟು ತೆರೆಯಿರಿ, ಕೂಡಲೇ ಇನ್ನೊಂದು ಟ್ಯಾಬಿನಲ್ಲಿ 'ಸರಿ' ಎನ್ನುವ ವಿಳಾಸವನ್ನು ತೆರೆಯಿರಿ. ಎರಡೂ ಸುಮ್ಮನೆ ತಿರುಗುತ್ತಿರುತ್ತವೆ. ಈಗ ಆ ಸಾಲನ್ನು ಅಳಿಸಿ, ಅಸಿಂಕ್‌ಐಒದ ಸ್ಲೀಪ್ ಅನ್ನು ಅವೈಟ್ ಸಮೇತ ಬರೆದು ಮತ್ತೆ ಮಾಡಿ. ಮೊದಲ ಟ್ಯಾಬ್ ಇನ್ನೂ ತಿರುಗುತ್ತಿರುವಾಗಲೇ ಎರಡನೆಯದರಲ್ಲಿ 'ಸರಿ' ಬಂದಿರುತ್ತದೆ.