ಸೋಫಾ ಪಕ್ಕದ ಟೀಪಾಯಿಯೇ ಸಬ್‌ವೂಫರ್

ತುಮಕೂರಿನ ಎಸ್.ಎಸ್. ಪುರಂನಲ್ಲಿ ನಮ್ಮ ಮನೆ. ಹಾಲ್ 14 ಅಡಿ ಉದ್ದ, 12 ಅಡಿ ಅಗಲ. ಟಿವಿ, ಅದರ ಸದ್ದನ್ನು ಸ್ಪೀಕರ್‌ಗಳಿಗೆ ಹಂಚುವ ಎವಿ ರಿಸೀವರ್, ಸಣ್ಣ ಸ್ಪೀಕರ್‌ಗಳು ಆಗಲೇ ಇದ್ದವು. ಗುಡುಗಿನಂಥ ದಪ್ಪ ಸದ್ದನ್ನು ಮಾತ್ರ ಕೊಡುವ ಸ್ಪೀಕರ್, ಅಂದರೆ ಸಬ್‌ವೂಫರ್ ಒಂದು ಮಾಡ್ತೀನಿ ಅಂದಾಗ ಅಮ್ಮ, 'ಇನ್ನೊಂದು ಕರಿ ಡಬ್ಬ ತಂದಿಡಬೇಡಪ್ಪ. ಬಂದೋರಿಗೆ ಕಾಫಿ ಲೋಟ ಇಡೋಕೇ ಜಾಗ ಇಲ್ಲ' ಅಂದರು. ಆ ಮಾತೇ ದಾರಿ ತೋರಿಸಿತು. ಈಗ ಸೋಫಾ ಪಕ್ಕದಲ್ಲಿ ತೇಗದ ಬಣ್ಣದ ಟೀಪಾಯಿ ಇದೆ. ಮೇಲೆ ಅಮ್ಮ ಹೆಣೆದ ಕ್ರೋಶಾ ಬಟ್ಟೆ, ಅದರ ಮೇಲೆ ಕಾಫಿ. ಗುಡುಗಿನ ಸದ್ದು ಬರುವುದು ಅದರೊಳಗಿಂದ.

ಹೀಗೆ ಬಚ್ಚಿಡಲು ಆಗುವುದಕ್ಕೆ ಕಾರಣ ನಮ್ಮ ಕಿವಿ. ಸುಮಾರು 80 ಹರ್ಟ್ಸ್‌ಗಿಂತ (ಅಂದರೆ ಸೆಕೆಂಡಿಗೆ 80 ಕಂಪನಕ್ಕಿಂತ) ಕೆಳಗಿನ ಸದ್ದು ಎಲ್ಲಿಂದ ಬರುತ್ತಿದೆ ಎಂದು ಕಿವಿಗೆ ಸರಿಯಾಗಿ ಗೊತ್ತಾಗುವುದಿಲ್ಲ. 80 ಹರ್ಟ್ಸ್‌ನ ಒಂದು ಅಲೆಯ ಉದ್ದವೇ 4 ಮೀಟರ್‌ಗಿಂತ ಜಾಸ್ತಿ. ನಮ್ಮ ಎರಡು ಕಿವಿಗಳ ನಡುವೆ ಒಂದು ಗೇಣೂ ಇಲ್ಲ. ಹಾಗಾಗಿ ಪೆಟ್ಟಿಗೆ ಪಕ್ಕದಲ್ಲೇ ಇದ್ದರೂ ಸದ್ದು ತೆರೆಯಿಂದಲೇ ಬಂದಂತೆ ಕೇಳುತ್ತದೆ.

ಡ್ರೈವರ್ ಮತ್ತು ಪೆಟ್ಟಿಗೆಯ ಅಳತೆ

ಪೆಟ್ಟಿಗೆ ಇಲ್ಲದ ಬರೀ ಸ್ಪೀಕರನ್ನು ಡ್ರೈವರ್ ಅನ್ನುತ್ತಾರೆ. ನಮ್ಮಂಥ ಹಾಲ್‌ಗೆ 10 ಇಂಚಿನದು ಸಾಕು. ಕಾರ್ ಆಡಿಯೊ ಅಂಗಡಿಗಳಲ್ಲಿ ಸಿಗುತ್ತದೆ. ಡಬ್ಬದ ಮೇಲಿನ ವ್ಯಾಟ್ ನೋಡಿ ಕೊಳ್ಳಬೇಡಿ. ಜೊತೆಗಿರುವ ಚೀಟಿಯಲ್ಲಿ ಎಫ್‌ಎಸ್ (Fs, ಡ್ರೈವರ್ ತಾನಾಗಿ ಅದುರುವ ಹರ್ಟ್ಸ್), ಕ್ಯೂಟಿಎಸ್ (Qts, ಆ ಅದುರು ಎಷ್ಟು ಬೇಗ ನಿಲ್ಲುತ್ತದೆ ಎಂಬ ಅಳತೆ), ವಿಎಎಸ್ (Vas, ಡ್ರೈವರ್‌ನ ಸ್ಪ್ರಿಂಗಿನಷ್ಟೇ ಮೆತ್ತಗಿರುವ ಗಾಳಿ, ಲೀಟರ್‌ನಲ್ಲಿ) ಎಂಬ ಮೂರು ಅಂಕಿ ಇರಬೇಕು. ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡಿದ ಥೀಲ್ ಮತ್ತು ಸ್ಮಾಲ್ ಎಂಬ ಇಬ್ಬರು ಎಂಜಿನಿಯರ್‌ಗಳ ಹೆಸರಿನಲ್ಲಿ ಇವನ್ನು ಕರೆಯುತ್ತಾರೆ. ಈ ಮೂರು ಅಂಕಿ ಇಲ್ಲದ ಡ್ರೈವರ್ ಎಷ್ಟೇ ಅಗ್ಗವಾಗಿದ್ದರೂ ಬೇಡ. ಪೆಟ್ಟಿಗೆಯ ಅಳತೆ ಸಿಗುವುದೇ ಇವುಗಳಿಂದ.

ಪೂರ್ತಿ ಮುಚ್ಚಿದ ಪೆಟ್ಟಿಗೆಯನ್ನೇ ಮಾಡಿ. ಕೊಳವೆ ಇಟ್ಟ ಪೆಟ್ಟಿಗೆ ಜಾಸ್ತಿ ಸದ್ದು ಕೊಡುತ್ತದೆ, ನಿಜ. ಆದರೆ ಅದು ದೊಡ್ಡದಾಗುತ್ತದೆ, ಅಳತೆ ಸ್ವಲ್ಪ ತಪ್ಪಿದರೂ ಬರೀ ಗುಂಯ್ ಅನ್ನುತ್ತದೆ. ಮೊದಲ ಸಲ ಮಾಡುವವರಿಗೆ ಮುಚ್ಚಿದ್ದೇ ಒಳ್ಳೆಯದು.

ಲೆಕ್ಕ ಸುಲಭ. 0.707 ಅನ್ನು ಕ್ಯೂಟಿಎಸ್‌ನಿಂದ ಭಾಗಿಸಿ, ಬಂದ ಅಂಕಿಯನ್ನು ಅದೇ ಅಂಕಿಯಿಂದ ಗುಣಿಸಿ, 1 ಕಳೆಯಿರಿ. ಆ ಉತ್ತರದಿಂದ ವಿಎಎಸ್ ಅನ್ನು ಭಾಗಿಸಿದರೆ ಪೆಟ್ಟಿಗೆಯೊಳಗೆ ಎಷ್ಟು ಲೀಟರ್ ಗಾಳಿ ಬೇಕು ಎಂದು ಬರುತ್ತದೆ. ಎಫ್‌ಎಸ್ 30, ಕ್ಯೂಟಿಎಸ್ 0.45, ವಿಎಎಸ್ 50 ಲೀಟರ್ ಇರುವ ಡ್ರೈವರ್‌ಗೆ ಸುಮಾರು 34 ಲೀಟರ್ ಬರುತ್ತದೆ. ಡ್ರೈವರ್‌ನ ಹಿಂಭಾಗ ಮತ್ತು ಒಳಗಿನ ಆಧಾರಕ್ಕೆ ಇನ್ನೊಂದು 3 ಲೀಟರ್ ಸೇರಿಸಿ, 37 ಆಯಿತು. ನಿಮ್ಮ ಡ್ರೈವರ್‌ನ ಅಂಕಿ ಬೇರೆ ಇದ್ದರೆ ಪೆಟ್ಟಿಗೆಯ ಎತ್ತರ ಬದಲಾಯಿಸಿಕೊಳ್ಳಿ.

ಒಳಗಿನ ಅಳತೆ 34 × 34 × 32 ಸೆಂ.ಮೀ. ಇದ್ದರೆ 37 ಲೀಟರ್ ಸಿಗುತ್ತದೆ. 18 ಮಿ.ಮೀ. ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ) ಬಳಸಿ. ಪ್ಲೈವುಡ್ ಅಂಗಡಿಯಲ್ಲಿ ಮಷಿನ್ ಇದ್ದರೆ ಅಲ್ಲೇ ಕತ್ತರಿಸಿಕೊಳ್ಳಿ. ಕೈಗರಗಸದಲ್ಲಿ ಅಂಚು ನೇರ ಬರುವುದು ಕಷ್ಟ, ಅಂಚು ನೇರ ಇಲ್ಲದಿದ್ದರೆ ಗಾಳಿ ಸೋರುತ್ತದೆ. 37.6 × 37.6 ಸೆಂ.ಮೀ. ಹಲಗೆ ಮೂರು, 37.6 × 32 ಎರಡು, 34 × 32 ಎರಡು. 8 × 4 ಅಡಿಯ ಶೀಟ್‌ನಲ್ಲಿ ಅರ್ಧದೊಳಗೆ ಮುಗಿಯುತ್ತದೆ. ಮಿಕ್ಕ ತುಂಡು ಕೇಳಿದರೆ ಕೆಲವೊಮ್ಮೆ ಅದರಲ್ಲೇ ಆಗುತ್ತದೆ.

ನಾನು ಮೊದಲು 12 ಮಿ.ಮೀ. ಪ್ಲೈವುಡ್‌ನಲ್ಲಿ ಒಂದು ಮಾಡಿದ್ದೆ. ಪರಿಚಯದ ಬಡಗಿಯೊಬ್ಬರು ಬಂದು ತೆಂಗಿನಕಾಯಿ ತಟ್ಟಿ ನೋಡುವ ಹಾಗೆ ಬೆರಳಿನ ಗೆಣ್ಣಿನಿಂದ ತಟ್ಟಿದರು. ಡಬ್ ಡಬ್ ಎಂದು ಟೊಳ್ಳು ಸದ್ದು. 'ಸ್ಪೀಕರ್ ಮಾತಾಡ್ಬೇಕು ಸಾರ್, ಪೆಟ್ಟಿಗೆ ಮಾತಾಡ್ಬಾರ್ದು' ಅಂದರು. ಪೂರ್ತಿ ಬಿಚ್ಚಿ ಮತ್ತೆ ಮಾಡಿದೆವು.

ಜೋಡಿಸುವುದು

ಚೌಕದ ಮೂರು ಹಲಗೆಗಳಲ್ಲಿ ಒಂದು ಮೇಲ್ಭಾಗಕ್ಕೆ. ಇನ್ನೆರಡನ್ನು ಒಂದರ ಮೇಲೊಂದು ಅಂಟಿಸಿದರೆ ಗಟ್ಟಿಯಾದ ತಳ. ಡ್ರೈವರ್ ಕೂರುವುದು ಈ ತಳದಲ್ಲಿ, ನೆಲದ ಕಡೆ ಮುಖ ಮಾಡಿ. ಮಲಗಿಸಿದರೆ ಕೋನ್ (ಅದುರಿ ಸದ್ದು ಮಾಡುವ ಬಟ್ಟಲಿನಂಥ ಭಾಗ) ತನ್ನ ಭಾರಕ್ಕೆ ಜಗ್ಗುವುದಿಲ್ಲವೇ ಎಂದು ಕೇಳಬಹುದು. ಎಫ್‌ಎಸ್ 30 ಇರುವ ಡ್ರೈವರ್‌ನಲ್ಲಿ ಜಗ್ಗುವುದು 0.3 ಮಿ.ಮೀ. ಅಷ್ಟೆ, ಹೆದರಬೇಕಾಗಿಲ್ಲ.

ತೂತಿನ ಅಳತೆಯನ್ನು ಚೀಟಿಯಲ್ಲಿ ನೋಡಿ, ಕೈಯಲ್ಲಿರುವ ಡ್ರೈವರನ್ನೂ ಅಳೆದು, ಜಿಗ್‌ಸಾದಲ್ಲಿ ಕತ್ತರಿಸಿ. ಎಂಡಿಎಫ್ ಪುಡಿ ತುಂಬಾ ಸಣ್ಣದು. ಮೂಗಿಗೆ ಮಾಸ್ಕ್ ಹಾಕದೆ ಕೆಲಸ ಶುರು ಮಾಡಬೇಡಿ. ಸ್ಕ್ರೂ ಹಾಕುವ ಮೊದಲು ಸಣ್ಣ ಬಿಟ್‌ನಲ್ಲಿ ತೂತು ಕೊರೆಯಿರಿ, ಇಲ್ಲದಿದ್ದರೆ ಅಂಚು ಸೀಳುತ್ತದೆ. ಫೆವಿಕಾಲ್ ಧಾರಾಳವಾಗಿ ಹಚ್ಚಿ. ಎದುರುಬದುರು ಹಲಗೆಗಳ ನಡುವೆ ಒಂದು ರೀಪರ್ ತುಂಡು ಬಿಗಿಯಾಗಿ ಕೊಡಿ. ಒಂದು ದಿನ ಒಣಗಲು ಬಿಡಿ.

ಆಮೇಲೆ ಒಳಗಿನ ಮೂಲೆಗಳಿಗೆಲ್ಲ ಸಿಲಿಕೋನ್ ಹಚ್ಚಿ, ಇನ್ನೂ ಒಂದು ದಿನ ಕಾಯಿರಿ. ಕೆಲವು ಸಿಲಿಕೋನ್‌ಗಳಿಂದ ವಿನೆಗರ್ ವಾಸನೆ ಬರುತ್ತದಲ್ಲ, ಆ ಹಬೆ ಡ್ರೈವರ್‌ನ ಒಳಗಿನ ಅಂಟಿಗೂ ಲೋಹಕ್ಕೂ ಒಳ್ಳೆಯದಲ್ಲ. ವಾಸನೆ ಪೂರ್ತಿ ಹೋದ ಮೇಲೆಯೇ ಡ್ರೈವರ್ ಕೂರಿಸಿ. ಒಳಗೆ ಹಳೆ ದಿಂಬಿನ ಪಾಲಿಯೆಸ್ಟರ್ ಹತ್ತಿಯನ್ನು ಸಡಿಲವಾಗಿ ತುಂಬಿ. ಪೆಟ್ಟಿಗೆ ಸ್ವಲ್ಪ ದೊಡ್ಡದಾದಂತೆ ಡ್ರೈವರ್‌ಗೆ ಅನಿಸುತ್ತದೆ.

ಡ್ರೈವರ್ ಕೂರಿಸುವ ಮೊದಲು 1.5 ವೋಲ್ಟ್‌ನ ಸೆಲ್ ತಗೊಂಡು, ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಒಂದು ಕ್ಷಣ ಮುಟ್ಟಿಸಿ. ಕೋನ್ ಹೊರಗೆ ಬಂದರೆ ಗುರುತು ಸರಿ ಇದೆ. ಅಂಚಿಗೆ ಕಿಟಕಿಗೆ ಹಚ್ಚುವ ಫೋಮ್ ಟೇಪ್ ಸುತ್ತಿ, ನಟ್-ಬೋಲ್ಟ್ ಹಾಕಿ ಬಿಗಿಮಾಡಿ. ತಲೆಕೆಳಗಾಗಿ ನೇತಾಡುವ ಭಾರವನ್ನು ಎಂಡಿಎಫ್‌ನಲ್ಲಿ ಬರೀ ಸ್ಕ್ರೂ ಬಹಳ ದಿನ ಹಿಡಿಯುವುದಿಲ್ಲ. ಕೆಳಗೆ ಕಬ್ಬಿಣದ ಜಾಲರಿ ಇರಲಿ, ಕಸ ಗುಡಿಸುವಾಗ ಪೊರಕೆ ಕಡ್ಡಿ ಕೋನ್‌ಗೆ ತಗುಲಬಾರದು. 8 ಸೆಂ.ಮೀ. ಎತ್ತರದ ನಾಲ್ಕು ಕಾಲು ಕೊಡಿ, ಅಡಿಗೆ ರಬ್ಬರ್ ಅಂಟಿಸಿ. ಎಂಡಿಎಫ್‌ಗೆ ನೀರು ಸೋಕಿದರೆ ಉಬ್ಬುತ್ತದೆ. ನೆಲ ಒರೆಸುವ ಮನೆಯಲ್ಲಿ ಈ ಕಾಲುಗಳೇ ಅದನ್ನು ಕಾಪಾಡುತ್ತವೆ. ಕೊನೆಗೆ ಸನ್‌ಮೈಕಾ. ಈಗ ನೋಡಿದರೆ ಟೀಪಾಯಿಯೇ.

ಗಾಳಿ ಸೋರುತ್ತಿದೆಯಾ ಎಂದು ನೋಡಲು ನಮ್ಮ ದೇವರ ಮನೆಯ ಊದುಬತ್ತಿ ಸಾಕು. ಆಂಪ್ಲಿಫೈಯರ್ ಜೋಡಿಸಿದ ಮೇಲೆ 30 ಹರ್ಟ್ಸ್ ಸದ್ದು ಹಾಕಿ, ಸಂದಿಗಳ ಹತ್ತಿರ ಊದುಬತ್ತಿ ನಿಧಾನವಾಗಿ ಆಡಿಸಿ. ಹೊಗೆ ನೇರವಾಗಿ ಏರುತ್ತಿದ್ದರೆ ಸರಿ. ಎಲ್ಲಾದರೂ ಪಟಪಟ ಅಲುಗಿದರೆ ಅಲ್ಲೇ ಸೋರಿಕೆ. ನಮ್ಮದರಲ್ಲಿ ವೈರ್ ಹೊರಬರುವ ತೂತಿನ ಹತ್ತಿರ ಹೊಗೆ ಎರಡಾಗಿ ಸೀಳಿತು. ಒಂದು ಚಿಟಿಕೆ ಸಿಲಿಕೋನ್ ಸಾಕಾಯಿತು.

ಆಂಪ್ಲಿಫೈಯರ್

ಇದನ್ನು ಪೆಟ್ಟಿಗೆಯೊಳಗೆ ಇಡಬೇಡಿ. ಟಿವಿ ಸ್ಟ್ಯಾಂಡ್‌ನಲ್ಲಿ ಗಾಳಿ ಆಡುವ ಕಡೆ ಇಟ್ಟು, 1.5 ಚದರ ಮಿ.ಮೀ. ವೈರ್ ಎರಡು ಎಳೆ ತಂದರೆ ಆಯಿತು. ಪಿಎಂಪಿಒ ಎಂದು ಬರೆದ ಸಾವಿರಗಟ್ಟಲೆ ವ್ಯಾಟ್ ಲೆಕ್ಕಕ್ಕಿಲ್ಲ, ಆರ್‌ಎಂಎಸ್ (ಸತತವಾಗಿ ಕೊಡಬಲ್ಲ ನಿಜವಾದ ಶಕ್ತಿ) 100 ವ್ಯಾಟ್ ಇದ್ದರೆ ನಮ್ಮ ಹಾಲ್‌ಗೆ ಸಾಕು. ಕಾರ್ ಡ್ರೈವರ್ ಹೆಚ್ಚಾಗಿ 4 ಓಮ್ ಇರುತ್ತದೆ, ಅದನ್ನು ತಡೆಯುವ ಆಂಪ್ಲಿಫೈಯರ್ ಕೇಳಿ. 230 ವೋಲ್ಟ್ ಕಡೆಯ ಕೆಲಸ ಗೊತ್ತಿಲ್ಲದಿದ್ದರೆ ಡಬ್ಬದಲ್ಲಿ ಮುಚ್ಚಿ ಬರುವ ರೆಡಿ ಆಂಪ್ಲಿಫೈಯರನ್ನೇ ತಗೊಳ್ಳಿ. ಇದರಲ್ಲಿ ಉಳಿತಾಯ ನೋಡಬೇಡಿ. ಸುಮ್ನೆ ಇದ್ದಾಗಲೂ ಹಮ್ ಎಂದು ಸದ್ದು ಬರುತ್ತಿದ್ದರೆ ಟಿವಿ, ರಿಸೀವರ್, ಆಂಪ್ಲಿಫೈಯರ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ ನೋಡಿ.

ಎಲ್ಲಿ ಇಡುವುದು

ಮನಸ್ಸಿಟ್ಟು ಮಾಡಬೇಕಾದ್ದು ಇದು. 14 ಅಡಿಯ ಗೋಡೆಗಳ ನಡುವೆ 40 ಹರ್ಟ್ಸ್, 12 ಅಡಿಯ ಗೋಡೆಗಳ ನಡುವೆ 47 ಹರ್ಟ್ಸ್ ಆಸುಪಾಸಿನ ಸದ್ದು ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ಮಾಯವಾಗುತ್ತದೆ. ಪೆಟ್ಟಿಗೆ ಎಷ್ಟೇ ಚೆನ್ನಾಗಿದ್ದರೂ ತಪ್ಪು ಜಾಗದಲ್ಲಿಟ್ಟರೆ ಬೇಸ್ (ಆ ದಪ್ಪ ಸದ್ದು) ಕೆಡುತ್ತದೆ.

ಉಪಾಯ ಇದೆ. ಸೋಫಾದಲ್ಲಿ ನೀವು ಕೂರುವ ಜಾಗದಲ್ಲಿ ಒಂದು ಹಲಗೆ ಹಾಕಿ, ಅದರ ಮೇಲೆ ಸಬ್‌ವೂಫರ್ ಇಡಿ. ಬೇಸ್ ಚೆನ್ನಾಗಿರುವ ಹಾಡು ಹಾಕಿ. ನೀವು ನೆಲದ ಮೇಲೆ ಅಂಬೆಗಾಲಿಡುತ್ತಾ, ಟೀಪಾಯಿ ಇಡಬಹುದಾದ ಒಂದೊಂದು ಜಾಗದಲ್ಲೂ ಕಿವಿ ಕೊಡಿ. ನನ್ನ ಜೊತೆ ಮಗಳೂ ಅಂಬೆಗಾಲಿಟ್ಟಳು. 'ಅಪ್ಪಾ, ಇಲ್ಲಿ ಬರೀ ಗುಂ ಅನ್ನತ್ತೆ' ಅಂದಿದ್ದು ಮೂಲೆಯಲ್ಲಿ. 'ಇಲ್ಲಿ ಏನೂ ಇಲ್ಲ' ಅಂದಿದ್ದು ಹಾಲ್‌ನ ನಡುವೆ. ಮೂಲೆಯಿಂದ ಎರಡೂವರೆ ಅಡಿ ಈಚೆಗೆ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳಿತು. ಟೀಪಾಯಿ ಅಲ್ಲೇ ನಿಂತಿತು.

ರಿಸೀವರ್‌ನಲ್ಲಿ ಸ್ಪೀಕರ್‌ಗಳನ್ನು 'ಸ್ಮಾಲ್' ಮಾಡಿ, ಕ್ರಾಸ್‌ಓವರ್ (ಸಬ್‌ವೂಫರ್‌ಗೂ ಸ್ಪೀಕರ್‌ಗಳಿಗೂ ಸದ್ದು ಪಾಲಾಗುವ ಗಡಿ) 80 ಹರ್ಟ್ಸ್ ಇಡಿ. ಆಂಪ್ಲಿಫೈಯರ್‌ನಲ್ಲೂ ಫಿಲ್ಟರ್ ತಿರುಪು ಇದ್ದರೆ ಹೆಚ್ಚಿನ ಹರ್ಟ್ಸ್ ಕಡೆಗೆ ಕೊನೆಯವರೆಗೆ ತಿರುಗಿಸಿಬಿಡಿ, ಎರಡು ಫಿಲ್ಟರ್ ಒಟ್ಟಿಗೆ ಬೇಡ. ಸಬ್‌ವೂಫರ್‌ನ ಎರಡು ವೈರ್ ಅದಲುಬದಲು ಮಾಡಿ ಕೇಳಿ, ಯಾವುದರಲ್ಲಿ ಬೇಸ್ ತುಂಬಿ ಬರುತ್ತದೋ ಅದನ್ನೇ ಇಟ್ಟುಕೊಳ್ಳಿ. ವಾಲ್ಯೂಮ್ ಮಾತ್ರ ನಿಧಾನವಾಗಿ ಏರಿಸಿ. ಜಾತ್ರೆಯಲ್ಲಿ ಡೊಳ್ಳು ಪಕ್ಕದಲ್ಲೇ ಹಾದುಹೋದಾಗ ಎದೆ ಅದುರುತ್ತದೆ ಅಲ್ವಾ, ಅದು ಡೊಳ್ಳಿನ ಪೆಟ್ಟು ಬಿದ್ದಾಗ ಮಾತ್ರ. ಮನೆಯಲ್ಲೂ ಹಾಗೇ ಇರಬೇಕು. ಇಬ್ಬರು ಮಾತಾಡುವ ದೃಶ್ಯದಲ್ಲಿ ಸಬ್‌ವೂಫರ್ ಇದೆ ಎಂದು ಗೊತ್ತಾದರೆ ಸದ್ದು ಜಾಸ್ತಿ ಆಯಿತು ಎಂದರ್ಥ.

ಕೊನೆಗೆ, ಮೊಬೈಲ್‌ನಿಂದ 20ರಿಂದ 100 ಹರ್ಟ್ಸ್‌ವರೆಗೆ ನಿಧಾನವಾಗಿ ಏರುವ ಸದ್ದು ಹಾಕಿ ಮನೆ ಸುತ್ತಿ. ನಮ್ಮಲ್ಲಿ ಶೋಕೇಸ್‌ನ ಗಾಜು ಕಟಕಟ ಅಂದಿತು, ಗೋಡೆಯ ಗಣಪತಿ ಫೋಟೊ ಗುಯ್‌ಗುಟ್ಟಿತು. ಗಾಜಿನ ಅಂಚಿಗೆ ವೆಲ್ವೆಟ್ ಪಟ್ಟಿ, ಫೋಟೊ ಹಿಂದೆ ಎರಡು ತುಂಡು ಫೋಮ್ ಟೇಪ್ ಅಂಟಿಸಿದೆವು. ಟೀಪಾಯಿ ಮೇಲಿನ ಲೋಟದ ಸದ್ದನ್ನು ಅಮ್ಮನ ಕ್ರೋಶಾ ಬಟ್ಟೆಯೇ ನುಂಗಿತು.